ಕೊನೆಯ ರೀಲು ನೋಡದ ಮಾಸ್ತರು

ಶಿರಾದ ಕರಾಟೆ ಮಾಸ್ತರು ದಸ್ತಗೀರ್ ಸಾಹೇಬರು ಆಟೋದವನು ಹಾರ್ನ್ ಹೊಡೆದರೂ ಮೂರು ಉಸಿರು ಎಳೆದುಕೊಂಡೇ ಪಕ್ಕಕ್ಕೆ ಸರಿಯುವವರು. ಹುಡುಗನಾಗಿದ್ದಾಗ ಟೆಂಟಿನಲ್ಲಿ ನೋಡಿದ ಜಪಾನಿ ಸಿನಿಮಾದ ಕತ್ತಿವೀರ ಹಾಗೆಯೇ ಸರಿಯುತ್ತಿದ್ದನಂತೆ. ಅರವತ್ತು ದಾಟಿದ ಮಂಡಿ ಹಿಡಿದುಕೊಂಡರೆ ನೋವು ಎನ್ನುವುದಿಲ್ಲ. "ಶತ್ರು ಇನ್ನೂ ದೂರ ಅವ್ನೆ, ಕೂತ್ಕಳ್ರಲಾ" ಎಂದು ಶಿಷ್ಯರಿಗೆ ಹೇಳಿ ಕರಾಟೆ ಶಾಲೆಯ ಮೆಟ್ಟಿಲ ಮೇಲೆ ತಾವೇ ಮೊದಲು ಕೂರುತ್ತಾರೆ. ಟೆಂಟಿಗೆ ಬಂದ ಆ ಸಿನಿಮಾಕ್ಕೆ ಕೊನೆಯ ರೀಲೇ ಇರಲಿಲ್ಲ. ಮೂವತ್ತು ಜನರ ನಡುವೆ ಕತ್ತಿ ಎತ್ತಿದ ವೀರ ಅಲ್ಲಿಗೇ ಪರದೆಯಿಂದ ಮಾಯವಾಗಿದ್ದ. ಅವನು ಗೆದ್ದನೆಂದೇ ನಂಬಿ ಮಾಸ್ತರು ನಲವತ್ತು ವರ್ಷ ಪಾಠ ಹೇಳಿದ್ದಾರೆ. ಮೊನ್ನೆ ಶಿಷ್ಯೆ ರಾಧಾಮಣಿ ಮೊಬೈಲ್ ಚಾಚಿ, "ಸಾ, ಪೂರಾ ಪಿಕ್ಚರ್ ಸಿಕ್ತು, ಕೊನೇಗೆ ಏನಾಯ್ತದೆ ನೋಡ್ಬುಡಿ" ಎಂದಳು. ಮಾಸ್ತರು ಮೊಬೈಲನ್ನು ಮೆಲ್ಲಗೆ ಅವಳತ್ತಲೇ ತಿರುಗಿಸಿದರು. "ಬ್ಯಾಡ ಕಣಮ್ಮ. ನಾನು ಎದ್ದು ಬಂದಾಗ ಅವ್ನು ಇನ್ನೂ ನಿಂತೇ ಇದ್ದ."