ಹಿಡಿದೆ ಎನ್ನುವವರೆಗೆ

ಕೊಕ್ಕೆ ಮೇಷ್ಟ್ರು ಯಾರಿಗೂ ಪಾಠ ಹೇಳಿದವರಲ್ಲ. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಯಲ್ಲಿ ಹಿತ್ತಾಳೆ ಸರಳು ಕಾಯಿಸಿ, ಬಗ್ಗಿಸಿ, ಹಳೆಯ ಶಿಲ್ಪಗಳು ಬೀಳದಂತೆ ಕೊಕ್ಕೆ ಮಾಡುವುದೇ ಅವರ ಜೀವಮಾನದ ಕಸುಬು. ಕಲ್ಲಿಗೆ ತಾಗುವ ಕಡೆ ಮೆತ್ತನೆ ಬಟ್ಟೆ ಅಂಟಿಸಿ, ಕಲ್ಲಿನದೇ ಬಣ್ಣ ಬಳಿದರೆ ಕೊಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಷ್ಟ್ರೂ ಅಷ್ಟೇ, ಬಿಡಿ.

ಆ ಕೋಣೆಯಲ್ಲಿ ಒಂದೇ ಕಾನೂನು. ತೆಗೆದುಕೊಳ್ಳುವವನು ‘ಹಿಡಿದೆ’ ಎಂದು ಬಾಯಿಬಿಟ್ಟು ಹೇಳುವವರೆಗೆ ಕೊಡುವವನು ಕೈ ಬಿಡಕೂಡದು. ಈ ಚಟ ಮನೆಗೂ ಅಂಟಿತ್ತು. ಉಪ್ಪಿನ ಡಬ್ಬಿಗೂ ‘ಹಿಡಿದೆ’. ಹುಟ್ಟಿದ ಮಗಳನ್ನು ನರ್ಸಮ್ಮ ಕೈಗಿಟ್ಟಾಗಲೂ ‘ಹಿಡಿದೆ’ ಎಂದು ಕೂಗಿ ಇಡೀ ವಾರ್ಡನ್ನು ಎಬ್ಬಿಸಿದ್ದರು.

ಇಂಥವರು ಈಚೆಗೆ ಹೆಂಡತಿ ಏನು ಕೊಟ್ಟರೂ "ಅಲ್ಲೇ ಮೇಜಿನ ಮೇಲಿಡು" ಅನ್ನತೊಡಗಿದ್ದರು.

"ಏನ್ರೀ, ನನ್ನ ಮೇಲೆ ಕೋಪಾನಾ? ಇದ್ರೆ ಬೈದುಬಿಡಿ, ಹೀಗೆ ಮೂತಿ ತಿರುಗಿಸ್ಕೊಂಡು ಕೂತ್ಕೋಬೇಡಿ."

"ಏನಿಲ್ಲ ಕಣೇ."

ಏನಿಲ್ಲವಂತೆ! ಎಡಗೈಯ ಬೆರಳುಗಳು ಸತ್ತಂತಾಗಿದ್ದವು. ಕಾದ ಸರಳು ತಾಗಿ ಬೊಬ್ಬೆ ಬಂದದ್ದೂ ಕಣ್ಣಲ್ಲಿ ಕಂಡ ಮೇಲೇ ಗೊತ್ತಾಗಿತ್ತು. ಡಾಕ್ಟರು ಕೆಲಸ ಬಿಡು ಅಂದಾರು ಎಂಬ ಭಯಕ್ಕೆ ಯಾರಿಗೂ ಹೇಳಿರಲಿಲ್ಲ. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗುವುದು, ಏನೋ ಮರೆತವರಂತೆ ವಾಪಸು ಬರುವುದು. ಯಾಕೆಂದರೆ ‘ಅತ್ತೆ’ಯನ್ನು ಕೊಕ್ಕೆಗೆ ಏರಿಸುವ ದಿನ ಬಂದಿತ್ತು.

ಅತ್ತೆಯೆಂದರೆ ಕಲ್ಲಿನ ತಲೆ. ಯಾವುದೋ ಕಾಲದ ಯಾರೋ ನಡುವಯಸ್ಸಿನ ಹೆಂಗಸು. ಗದ್ದದಡಿ ಜೋಲುವ ಮಾಂಸ, ತುಟಿ ಪಕ್ಕದ ಉಬ್ಬು ಮಚ್ಚೆ, ಎಲ್ಲವನ್ನೂ ಶಿಲ್ಪಿ ಮುಲಾಜಿಲ್ಲದೆ ಕೆತ್ತಿದ್ದ. ಕುತ್ತಿಗೆಯ ಕೆಳಗೆ ಏನೂ ಉಳಿದಿರಲಿಲ್ಲ. "ಭಾವ, ಥೇಟ್ ನಮ್ಮಮ್ಮ! ಈಗ ಬೈತಾಳೆ ನೋಡಿ" ಎಂದು ಹೆಸರಿಟ್ಟವನು ಜೊತೆ ಕೆಲಸದವನು, ಹೆಂಡತಿಯ ತಮ್ಮ.

ಅಂದು ಕೋಣೆಯಲ್ಲಿ ಅವನೇ ಮರಳುಚೀಲದ ಮೇಲಿಂದ ತಲೆಯನ್ನು ಎತ್ತಿ ತಂದ. ಇನ್ನು ಮೇಷ್ಟ್ರ ಸರದಿ. ಎಡಗೈಯನ್ನು ಗದ್ದದಡಿ ಕೊಟ್ಟು ಭಾರ ಹೊರಬೇಕು, ಬಲಗೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಕಿವಿಯ ಹಿಂದೆ ಕೊಕ್ಕೆ ಕೂರಿಸಬೇಕು. ಕೈ ಕೊಟ್ಟರು. ಕೈ ಅಲ್ಲಿರುವುದು ಕಣ್ಣಿಗೆ ಕಾಣುತ್ತಿತ್ತು. ಕಲ್ಲು ತಣ್ಣಗಿದೆಯೋ, ಒರಟಾಗಿದೆಯೋ, ಊಹೂಂ, ಏನೂ ತಿಳಿಯಲಿಲ್ಲ.

"ಹಿಡಿದ್ರಾ, ಭಾವ?"

ಮೇಷ್ಟ್ರು ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು.

"ಬೇಗ ಹೇಳಿ, ತೋಳು ಬಿದ್ದೋಗ್ತಿದೆ!"

ಒಂದು ಮಾತು ಅಂದುಬಿಟ್ಟರೆ ಮುಗಿಯಿತು. ಪುಣ್ಯವಿದ್ದರೆ ತಲೆ ಏರಿದರೂ ಏರೀತು. ನಾಲಿಗೆ ತುದಿಗೆ ಬಂತು ಕೂಡ. ಅತ್ತೆ ಎದುರಿಗೇ ನೋಡುತ್ತಿದ್ದಳು. ಹಾಳಾದ್ದು, ಆ ಸುಳ್ಳು ಹೊರಡಲೇ ಇಲ್ಲ.

"ಇಲ್ಲ, ಹಿಡಿದಿಲ್ಲ" ಅಂದರು. "ವಾಪಸ್ ಮಲಗಿಸು. ಎಡಗೈ ನನಗೇ ಕೈಕೊಟ್ಟಿದೆ ಕಣೋ."

ಭಾವಮೈದುನ ಉಸಿರು ಬಿಗಿಹಿಡಿದು ತಲೆಯನ್ನು ಚೀಲದ ಮೇಲೆ ಮಲಗಿಸಿದ. ಆಮೇಲೆ ಬೊಬ್ಬೆ ನೋಡಿದ, ಬಾಯಿಗೆ ಬಂದಂತೆ ಬೈದ, ಬೈಯುತ್ತಲೇ ಕಣ್ಣೊರೆಸಿಕೊಂಡ. ಮೇಷ್ಟ್ರು ಕೆಲಸದ ಅಂಗಿಯನ್ನು ಮೊಳೆಗೆ ತಗುಲಿಹಾಕಿ ಮನೆಗೆ ನಡೆದರು.

ಹೊತ್ತಿಗೆ ಮುಂಚೆ ಬಂದ ಗಂಡನನ್ನು ಕಂಡು ಹೆಂಡತಿ ಏನೂ ಕೇಳದೆ ಟೀ ತಂದಳು, ಮೇಜಿನ ಮೇಲಿಡಲು ಬಗ್ಗಿದಳು. ಮೇಷ್ಟ್ರು ಎಡಗೈ ಚಾಚಿದರು. ಆಕೆ ಲೋಟವನ್ನು ಆ ಕೈಯೊಳಗಿಟ್ಟು, ತಾನೂ ಬಿಡದೆ, ಎಂದಿನ ಮಾತಿಗಾಗಿ ಕಾದಳು.

"ಹಿಡಿದಿಲ್ಲ ಕಣೇ. ಇನ್ಮೇಲೆ ಹಿಡಿಯೋಕಾಗಲ್ಲ ಅನ್ಸುತ್ತೆ."

ಆಕೆ ಬೊಬ್ಬೆ ಕಂಡಳು. ಇಷ್ಟು ದಿನದ ‘ಮೇಜಿನ ಮೇಲಿಡು’ ಯಾಕೆಂದು ಆಗ ಅರ್ಥವಾಯಿತು.

"ಅದಕ್ಕೇನೀಗ? ನಾನೇನು ಬಿಟ್ಟಿದೀನಾ?" ಎಂದು ಲೋಟವನ್ನು ಗಂಡನ ಬಾಯಿಯ ಹತ್ತಿರ ತಂದಳು. "ಕುಡೀರಿ, ಆರೋಗುತ್ತೆ. ಆಮೇಲೆ ಡಾಕ್ಟರ್ ಹತ್ರ ಹೋಗೋಣ."