ದಿಕ್ಕು ತಿದ್ದಿದ ಗೌಂಡಿ

ತಿಕೋಟಾದ ಗೌಂಡಿಯೊಬ್ಬರು ಗೋಡೆ ಕಟ್ಟುವಾಗ ಪ್ರತಿ ಕಲ್ಲಿಗೂ ಒಂದು ಕಣ್ಣು ಮುಚ್ಚಿ ತೂಗುಗುಂಡು ಇಳಿಬಿಡುತ್ತಿದ್ದರು. "ನಂಬಿಗಿ ಇರ್ಲಿ, ನೋಡೂದೂ ಇರ್ಲಿ" ಎಂಬುದು ಅವರ ಮಾತು.

ಎಪ್ಪತ್ತರ ದಶಕದಲ್ಲೊಮ್ಮೆ ಘೋಣಸಗಿಯಲ್ಲಿ ಅವರು ಮಸೀದಿ ಕಟ್ಟುತ್ತಿದ್ದರು. ಚಳಿಗಾಲದ ಸೂರ್ಯ ಮುಳುಗುವ ಕಡೆಯೇ ಮಕ್ಕಾ ಎಂದುಕೊಂಡು, ನಮಾಜಿಗೆ ಎದುರಾಗುವ ಗೋಡೆಯನ್ನು ಎದೆಮಟ್ಟ ಎಬ್ಬಿಸಿದ್ದರು. ಊರ ಸಾಲಿ ಮಾಸ್ತರನಾಗಿದ್ದ ನಾನು ದಿಕ್ಸೂಚಿ ಇಟ್ಟು ನೋಡಿದೆ. ಮಕ್ಕಾ ಇರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ; ಗೋಡೆ ದಕ್ಷಿಣದ ಕಡೆಗೆ ತಿರುಗಿತ್ತು.

"ಮಕ್ಕಾದ ದಾರಿ ಈ ಮಾಸ್ತರ ತೋರಸ್ಬೇಕೇನ್ಲೇ? ಅಲ್ಲಾ ಮನಸ್ಸು ನೋಡ್ತಾನ, ಬಿಡು," ಎಂದರು ಮಸೀದಿಯ ಹಿರಿಯರೊಬ್ಬರು.

ಗೌಂಡಿ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ತಿಳೀದ ತಪ್ಪಿದ್ರ ಮಾಫಿ ಐತ್ರಿ ಚಾಚಾ. ಆದ್ರ ಬುದ್ಧಿ ಕೊಟ್ಟಾವನೂ ಅವನ. ಈಗ ತಿಳಿದೈತಿ. ಇನ್ನ ಯಾವ ಮಾರಿ ಇಟ್ಕೊಂಡು ಮಾಫಿ ಕೇಳ್ಲಿ?"

ತಾವೇ ಕೂರಿಸಿದ್ದ ಮೇಲಿನ ಕಲ್ಲನ್ನು ಎತ್ತಿ ಕೆಳಗಿಟ್ಟರು. ಎರಡನೆಯದಕ್ಕೆ ಚಾಚಾ ಬೈಯುತ್ತಲೇ ಕೈ ಹಚ್ಚಿದರು.