ಹೊಲದಲ್ಲಿ ಹೂತ ಬಟ್ಟೆ

ಡಾಕ್ಟರರ ತಪ್ಪನ್ನು ಹೊತ್ತು ನರಳಿದವಳು ಸಂತೆಕಲ್ಲೂರಿನ ಹುಲಿಗೆಮ್ಮ, ಡಾಕ್ಟರರಲ್ಲ. ಮೊನ್ನೆ ಮಸ್ಕಿಯ ಔಷಧದಂಗಡಿಯಲ್ಲಿ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದಾಗ ಅವಳೇ ನೆನಪಾದಳು.

ತೊಂಬತ್ತರ ದಶಕದ ನಡುಭಾಗ. ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವಳು ಗರ್ಭಕೋಶ ತೆಗೆಸಿಕೊಂಡಿದ್ದಳು. ಆಮೇಲೆ ಜ್ವರ ಬಿಡಲಿಲ್ಲ, ನೋವು ಬಿಡಲಿಲ್ಲ. ಮತ್ತೆ ಹೋದರೆ ಆ ಡಾಕ್ಟರು ಮುಟ್ಟಿಯೂ ನೋಡದೆ, "ಭಾರ ಎತ್ತೀಯ, ನಿಂದೇ ತಪ್ಪು" ಎಂದು ಗದರಿಸಿ ಕಳಿಸಿದರು. ಇದು ಎರಡನೆಯ ಅನ್ಯಾಯ; ಮೊದಲನೆಯದು ಹೊಟ್ಟೆಯೊಳಗೇ ಇತ್ತು. ಕೊನೆಗೆ ರಾಯಚೂರಿನ ಸರ್ಜನ್ ಒಬ್ಬರು ಹೊಟ್ಟೆ ತೆರೆದು, ಮೊದಲ ಆಪರೇಶನ್ನಿನಲ್ಲಿ ಒಳಗೇ ಉಳಿದಿದ್ದ ಬ್ಯಾಂಡೇಜ್ ಬಟ್ಟೆಯನ್ನು ಹೊರತೆಗೆದರು.

ಮೈಯಿಂದ ತೆಗೆದದ್ದನ್ನು ಮನೆಯವರು ಕಣ್ಣಾರೆ ನೋಡಬೇಕು, ಊರಿಗೊಯ್ದು ಮಣ್ಣು ಮಾಡಬೇಕು. ಅವರ ಮನೆತನದ ಪದ್ಧತಿ ಅದು. ಅತ್ತೆ ಈರಮ್ಮ ರಕ್ತ ಹೀರಿ ಮುದ್ದೆಯಾಗಿದ್ದ ಆ ಬಟ್ಟೆಯನ್ನೂ ಸೊಸೆಯ ಮೈಯ ಭಾಗವೆಂದೇ ತಿಳಿದು, ಆಸ್ಪತ್ರೆಯಿಂದ ಕೇಳಿ ತಂದು, ಗಡಿಗೆಯಲ್ಲಿಟ್ಟು, ಉಪ್ಪು ಸುರಿದು, ಹೊಲದ ಬದುವಿನಲ್ಲಿ ಹೂತುಬಿಟ್ಟಳು.

ಆಗ ನಾನು ಲಿಂಗಸುಗೂರಿನಲ್ಲಿ ಗ್ರಾಹಕರ ಹಕ್ಕುಗಳ ಬಗ್ಗೆ ಸಿಕ್ಕವರಿಗೆಲ್ಲ ಪಾಠ ಹೇಳುತ್ತಿದ್ದ ಕಾಲ. ಹಣ ಪಡೆದು ಮಾಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ ಹೇಳಿದ ಹೊಸತು. ಹುಲಿಗೆಮ್ಮನ ಸುದ್ದಿ ಕೇಳಿ ಸಂತೆಕಲ್ಲೂರಿಗೆ ಹೋದೆ. ಜಿಲ್ಲಾ ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೇಳಬಹುದು, ವೈದ್ಯರ ಪರಿಷತ್ತಿಗೂ ದೂರು ಕೊಡಬಹುದು ಎಂದು ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ವಿವರಿಸಿಯೇ ವಿವರಿಸಿದೆ. ಹುಲಿಗೆಮ್ಮ ನಕ್ಕಳು: "ಭಾಷಣ ಚಲೋ ಐತ್ರಿ ಅಕ್ಕಾರ. ಈಗ ಯಾವ ಬಸ್ ಹತ್ತಬೇಕು, ಅಷ್ಟು ಹೇಳ್ರಿ."

ಊರಿನ ಗೌಡರು ಡಾಕ್ಟರರ ಪರವಾಗಿ ರಾಜಿಗೆ ಬಂದರು. "ಹಣೆಬರಹ ಅಂತ ಬಿಡವ್ವಾ" ಎಂದರು. ಅನ್ಯಾಯಕ್ಕೆ ದೇವರ ಹೆಸರಿಡುವುದು ಮೂರನೆಯ ಅನ್ಯಾಯ.

ಹುಲಿಗೆಮ್ಮ ಬಿಡಲಿಲ್ಲ: "ಹಣೆಬರಹ ಬರದಾಂವ ಹೊಟ್ಟ್ಯಾಗ ಅರಿವಿ ಮರತು ಹೋಗ್ತಾನೇನ್ರಿ ಗೌಡ್ರ? ತಪ್ಪು ಯಾರದು ಅಂತ ನಾಕು ಮಂದ್ಯಾಗ ಹೇಳ್ಲಿ. ನನಗ ಅದು ಬೇಕು."

ವೇದಿಕೆಗೆ ದೂರು ಬರೆಯಲು ಕೂತ ನಮ್ಮ ವಕೀಲರು ಬಟ್ಟೆ ಎಲ್ಲಿ ಎಂದಾಗ ಈರಮ್ಮ ಸಹಜವಾಗಿ, "ಮಣ್ಣು ಮಾಡೀನ್ರಿ" ಎಂದಳು. ವಕೀಲರು ತಲೆಯ ಮೇಲೆ ಕೈಹೊತ್ತರು. ಪಂಚರನ್ನು ಕರೆದು ಬದು ಅಗೆಸಿದೆವು. ಒಣ ಮಣ್ಣೂ ಉಪ್ಪೂ ಅದನ್ನು ಕಾಯ್ದಿದ್ದವು. ನೇಯ್ಗೆ ಇನ್ನೂ ಎದ್ದು ಕಾಣುತ್ತಿತ್ತು. ತಮ್ಮದೇ ವೃತ್ತಿಯವರ ವಿರುದ್ಧ ಮಾತಾಡಲು ಹಿಂಜರಿದಿದ್ದ ರಾಯಚೂರಿನ ಸರ್ಜನ್, ಅದನ್ನು ಕಂಡ ಮೇಲೆ ಸಾಕ್ಷಿಗೆ ಬಂದು, ತಾವು ತೆಗೆದದ್ದು ಇದೇ ಎಂದು ನುಡಿದರು.

ಎದುರಾಳಿ ವಕೀಲರು ಈರಮ್ಮನನ್ನು ಕೆಣಕಿದರು: "ಹೊಲದಲ್ಲಿ ಸಿಕ್ಕ ಬಟ್ಟೆ ಯಾರದ್ದಾದರೂ ಆಗಬಹುದಲ್ಲವೇ?"

"ಹೌದ್ರಿ ಸಾಹೇಬ್ರ. ಈ ವರ್ಷ ಜ್ವಾಳ ಬಿಟ್ಟು ಬ್ಯಾಂಡೇಜೇ ಬಿತ್ತೀವಿ."

ವೇದಿಕೆಯ ಅಧ್ಯಕ್ಷರೂ ನಗು ತಡೆಯಲಾರದೆ ಹೋದರು.

ತೀರ್ಪಿನ ದಿನ 'ನಿರ್ಲಕ್ಷ್ಯ' ಎಂಬ ಪದ ಕೇಳಿಸಿದಾಗ ಹುಲಿಗೆಮ್ಮ ನನ್ನ ತೋಳು ಹಿಡಿದಳು. "ಹಂಗಂದ್ರೇನ್ರಿ?"

"ತಪ್ಪು ಡಾಕ್ಟರದು ಅಂತ."

"ಅಂದ್ರ ನಂದಲ್ಲ," ಎಂದಳು. ನೋವಿಗೆ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು, ಡಾಕ್ಟರರ ಮುಂದೆಯೇ ಹಾದು ಹೊರಗೆ ನಡೆದಳು. ಅವಳ ಹಿಂದೆ ನಡೆದೆನೆಂಬ ಹೆಮ್ಮೆ ನನಗೆ ಇಂದಿಗೂ ಇದೆ.

ಆಗ ಪರಿಹಾರ ಸಿಕ್ಕಿದ್ದೇ ದೊಡ್ಡ ಗೆಲುವೆಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಗಾಯಗೊಂಡವಳೇ ಮಣ್ಣು ಅಗೆದು ಸಾಕ್ಷ್ಯ ತರಬೇಕಾಗಿ ಬಂದದ್ದೇ ಒಂದು ಅನ್ಯಾಯ. ಆದ್ದರಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಆಸ್ಪತ್ರೆಗಳ ಒಡೆಯರೇ, ಹೊಟ್ಟೆ ಹೊಲಿಯುವ ಮುನ್ನ ಒಳಗಿಟ್ಟದ್ದನ್ನೆಲ್ಲ ಎಣಿಸಿ ತೆಗೆದಿದ್ದೇವೆಂದು ಕನ್ನಡದಲ್ಲಿ ಬರೆದು, ಸಹಿ ಹಾಕಿ, ಮನೆಗೆ ಕಳಿಸುವ ದಿನವೇ ರೋಗಿಯ ಕೈಗೆ ಕೊಡಿ.